ಎರಡು ಎಸ್‌ನ ಸಿಹಿ

ಮುರಾರಿಯ ಕಣ್ಣಿಗೆ ವಿಜೇತಾ ಮೊದಲು ಬಿದ್ದದ್ದು ಕಳ್ಳಿಯ ಹಾಗೆ.

ಕಲ್ಕತ್ತೆಯ ಸದರ್ನ್ ಅವೆನ್ಯೂದ ಮೂಲೆಯಲ್ಲಿರುವ ತುಂಗಾ ಕೆಫೆಯ ಬಾಗಿಲಲ್ಲಿ ಒಂದು ಕರಿಹಲಗೆ. ದಿನದ ವಿಶೇಷವನ್ನು ಅದರ ಮೇಲೆ ಇಂಗ್ಲಿಷಿನಲ್ಲಿ ಬರೆಯುವುದು ಮುರಾರಿಯ ನಿತ್ಯದ ಕೆಲಸ. ಆ ಬೆಳಿಗ್ಗೆ ‘ಟುಡೇಸ್ ಡೆಸರ್ಟ್: ಹಯಗ್ರೀವ’ ಎಂದು ಬಾಲ ಬಿಟ್ಟ ಅಕ್ಷರಗಳಲ್ಲಿ ಬರೆದು, ಕೈ ಝಾಡಿಸಿಕೊಂಡು ಗಲ್ಲಾದಲ್ಲಿ ಕೂತಿದ್ದ. ತಲೆಯೆತ್ತಿದರೆ, ಕೊರಳಲ್ಲಿ ಆಫೀಸಿನ ಐಡಿ ಕಾರ್ಡು ಇಳಿಬಿಟ್ಟ ಹುಡುಗಿಯೊಬ್ಬಳು ಅವನದೇ ಸೀಮೆಸುಣ್ಣ ಎತ್ತಿಕೊಂಡು, ಅವನದೇ ಹಲಗೆಯ ಮೇಲೆ, ಅವನದೇ ಅಕ್ಷರಗಳ ನಡುವೆ ಏನೋ ತೂರಿಸುತ್ತಿದ್ದಳು.

“ಓ ದಿದಿ! ಕೀ ಕೊರ್ಛೇನ್?” ಮುರಾರಿ ಪಕ್ಕಾ ಬಂಗಾಳಿ ಅಂಗಡಿಯವನ ಗಂಟಲಲ್ಲಿ ಕೂಗಿದ.

ಹುಡುಗಿ ಬೆಚ್ಚಿಬಿದ್ದಳು. ಸೀಮೆಸುಣ್ಣ ಕೈಜಾರಿ ಎರಡು ತುಂಡಾಯಿತು. “ಅಯ್ಯೋ ಕರ್ಮ, ಸಿಕ್ಕಾಕೊಂಡೆ,” ಎಂದು ತನ್ನಷ್ಟಕ್ಕೇ ಹೇಳಿಕೊಂಡದ್ದು ಮಾತ್ರ ಅಚ್ಚ ಬೆಂಗಳೂರಿನ ಕನ್ನಡದಲ್ಲಿ.

ಮುರಾರಿಯ ಗಂಟಲು ಆ ಕ್ಷಣವೇ ಕಲ್ಕತ್ತೆಯಿಂದ ಉಡುಪಿಗೆ ಇಳಿಯಿತು. “ಓಹೋ, ಕನ್ನಡದವ್ರಾ? ಹಾಡಹಗಲೇ ನಮ್ಮ ಹಲಗೆಗೆ ಎಂತ ಮಾಡುದು ಮಾರಾಯ್ರೆ?”

“ಒಂದು ಎಸ್ ಸೇರಿಸಿದೆ ಕಣ್ರೀ, ಅಷ್ಟೆ. ಒಂದೇ ಎಸ್ ಇದ್ರೆ ಅದು ಮರಳುಗಾಡು. ನೀವು ಊಟದ ಕೊನೇಲಿ ಜನಕ್ಕೆ ಮರಳು ಬಡಿಸ್ತಿದ್ರಿ.”

“ಎರಡು ಹಾಕಿದ್ರೆ?”

“ಸಿಹಿ. ಸಿಹಿ ತಿಂದ್ರೆ ಇನ್ನೊಂದು ಸಲ ಬೇಕು ಅನ್ಸಲ್ವಾ? ಅದಕ್ಕೇ ಇನ್ನೊಂದು ಎಸ್.”

ಹೇಳುವಾಗ ಅವಳ ಎಡಹುಬ್ಬು ಮಾತ್ರ ಮೇಲಕ್ಕೆದ್ದಿತು. ಬಲಹುಬ್ಬು, ನನಗೂ ಇದಕ್ಕೂ ಸಂಬಂಧವೇ ಇಲ್ಲ ಎಂಬಂತೆ ಸುಮ್ಮನೆ ಮಲಗಿತ್ತು. ಅಂದು ಮಧ್ಯಾಹ್ನ ಹೋಟೆಲಿನ ಕೈತೊಳೆಯುವ ಕನ್ನಡಿಯ ಮುಂದೆ ನಿಂತು ಮುರಾರಿ ಆ ಹುಬ್ಬನ್ನು ಅನುಕರಿಸಲು ನೋಡಿದ. ಬರಲಿಲ್ಲ. ಎರಡೂ ಒಟ್ಟಿಗೇ ಎದ್ದವು, ಭೂತ ಕಂಡವನ ಹಾಗೆ.

ಅವನಿಗೆ ಅನುಕರಿಸಲು ಬಾರದಿದ್ದ ವಸ್ತು ಅದೊಂದೇ. ಉಳಿದದ್ದೆಲ್ಲ ಬರುತ್ತಿತ್ತು. ಮೆಟ್ರೋದಲ್ಲಿ ಮುಂದಿನ ನಿಲ್ದಾಣ ಹೇಳುವ ಹೆಂಗಸು, ‘ಶಾಂಬಾರ್ ಏಕ್ಟು ದಿನ್ ತೋ’ ಎಂದು ಇನ್ನಷ್ಟು ಸಾಂಬಾರಿಗೆ ರಾಗ ಎಳೆಯುವ ನಿವೃತ್ತ ಜಡ್ಜ್ ಸಾಹೇಬರು, ಮೂಗಿನಿಂದಲೇ ಬೈಯುವ ಅಪ್ಪ ಚಂದ್ರಹಾಸ ಭಟ್ಟರು, ‘ಷ್!’ ಎಂಬ ಒಂದೇ ಅಕ್ಷರದಲ್ಲಿ ಮನೆ ಆಳುವ ಅಜ್ಜಿ ತುಂಗಮ್ಮ, ಎಲ್ಲರೂ ಅವನ ಗಂಟಲಲ್ಲಿ ಬಾಡಿಗೆಗಿದ್ದರು. ಕಲ್ಕತ್ತೆಯಲ್ಲೇ ಹುಟ್ಟಿ, ಇಲ್ಲೇ ಬಿ.ಕಾಂ. ಮುಗಿಸಿದವನು. ಇಂಗ್ಲಿಷನ್ನೂ ಕಿವಿಯಿಂದಲೇ ಕಲಿತಿದ್ದ. ಮಾತಾಡಿದರೆ ರೇಡಿಯೋ, ಬರೆದರೆ ಅಪಘಾತ. ಹೋಟೆಲು ಆಫೀಸುಗಳಿಗೆ ಊಟ ಕಳಿಸಲು ಶುರುಮಾಡಿದ ಮೇಲೆ ಇಮೇಲ್ ಬರೆಯುವ ಕೆಲಸ ಅವನ ತಲೆಗೆ ಬಂದಿತ್ತು. ‘ನಮ್ಮ ಊಟ ಕ್ವಯಟ್ ಗುಡ್’ ಎಂದು ಬರೆದು, ‘ಊಟ ಸದ್ದು ಮಾಡದಿದ್ದರೆ ನಮಗೂ ಸಂತೋಷ’ ಎಂಬ ಉತ್ತರ ತರಿಸಿಕೊಂಡಿದ್ದ.

ವಿಜೇತಾಳ ಉದ್ಯೋಗವೇ ಅದು. ಸೆಕ್ಟರ್ ಫೈವ್‌ನ ಐಟಿ ಕಂಪನಿಯೊಂದರಲ್ಲಿ ಹೊಸದಾಗಿ ಸೇರಿದವರಿಗೆ ಮೇಲ್ ಬರೆಯುವುದನ್ನು ಕಲಿಸುವುದು. ಕೆಫೆಯ ಹಿಂದಿನ ಬೀದಿಯಲ್ಲಿ ಪೇಯಿಂಗ್ ಗೆಸ್ಟ್ ಆಗಿದ್ದಳು. ಹಾಗಾಗಿ ಒಪ್ಪಂದವಾಯಿತು: ಭಾನುವಾರ ಬೆಳಿಗ್ಗೆ ರವೀಂದ್ರ ಸರೋವರದ ದಂಡೆಯ ಬೆಂಚಿನ ಮೇಲೆ ಅವಳ ಪಾಠ, ಫ್ಲಾಸ್ಕಿನಲ್ಲಿ ಅವನ ಫಿಲ್ಟರ್ ಕಾಫಿ.

“ಸ್ಟೇಷನರಿ ಎರಡು ಥರ,” ಎನ್ನುವಳು ಅವಳು. “ಕೊನೇಲಿ ‘ಎ’ ಬಂದ್ರೆ ನಿಂತಲ್ಲೇ ನಿಂತಿರೋದು. ‘ಇ’ ಬಂದ್ರೆ ಪೆನ್ನು ಪೇಪರ್ ಅಂಗಡಿ. ಎನ್ವಲಪ್‌ನ ‘ಇ’ ಅಂತ ಜ್ಞಾಪಕ ಇಟ್ಕೊಳ್ಳಿ.”

ಅವನಿಗೆ ಹಾಗೆ ಜ್ಞಾಪಕ ಇರುತ್ತಿರಲಿಲ್ಲ. ಪ್ರತಿ ಪದಕ್ಕೂ ಒಂದು ಗಂಟಲು ಬೇಕು. ರಾಶ್‌ಬಿಹಾರಿಯಲ್ಲಿ ಕೆಟ್ಟು ನಿಂತ ಟ್ರಾಮಿನ ಡ್ರೈವರು “ಆ…” ಎಂದು ಆಕಳಿಸಿದರೆ ಅದು ‘ಎ’. ಪೇಪರ್ ಅಂಗಡಿಯ ಮುದುಕಿ ಮಾಶಿಮಾ ಕನ್ನಡಕದ ಮೇಲಿಂದ ನೋಡಿ “ಎನ್‌ಭೆಲಪ್?” ಎಂದರೆ ಅದು ‘ಇ’. ಅಜ್ಜಿಯ ‘ಷ್!’ ಅಂದರೆ ಕ್ವಯಟ್. ಬೀದಿಯ ಡಾಕ್ಟರ್ ಬಾಬು ತಲೆಯಾಡಿಸಿ “ಕ್ವೈಟ್, ಕ್ವೈಟ್” ಎಂದರೆ ಅದು ಇನ್ನೊಂದು. ವಿಜೇತಾ ನಕ್ಕು ನಕ್ಕು ಕಾಫಿ ಚೆಲ್ಲಿಕೊಳ್ಳುವಳು.

“ಲೂಝ್ ಅಂದ್ರೆ ಕಳ್ಕೊಳ್ಳೋದು,” ಎಂದಳು ಒಂದು ದಿನ. “ಅದಕ್ಕೆ ಒಂದೇ ‘ಓ’. ಪಾಪ, ಇನ್ನೊಂದು ಕಳ್ಕೊಂಡ್ಬಿಟ್ಟಿದೆ. ಲೂಸ್ ಅಂದ್ರೆ ಸಡಿಲ. ಅದಕ್ಕೆ ಎರಡೂ ಇವೆ.”

“ನನಗೆ ಎಷ್ಟು?”

“ನಿಮಗಾ? ನೀವು ಹುಟ್ಟಾ ಲೂಸು. ಎರಡು ‘ಓ’ ಸಾಲಲ್ಲ.”

ಕೆರೆಯಲ್ಲಿ ದೋಣಿ ಹುಟ್ಟು ಹಾಕುವ ಹುಡುಗರಿಗೆ ಅವರ ಕೋಚ್ ದಂಡೆಯಿಂದ ಮೆಗಾಫೋನಿನಲ್ಲಿ ಚೀರುತ್ತಿದ್ದರು. ಮುರಾರಿ ಎರಡು ಕೈ ಬಾಯಿಗೆ ಹಿಡಿದು ಅದೇ ಗಂಟಲಲ್ಲಿ “ಬಾಯೇ, ಬಾಯೇ!” ಎಂದ. ನಡುನೀರಿನ ದೋಣಿ ವಿಧೇಯವಾಗಿ ಎಡಕ್ಕೆ ತಿರುಗಿತು. ಇಬ್ಬರೂ ಫ್ಲಾಸ್ಕು ಎತ್ತಿಕೊಂಡು ಓಡಿದರು. ಓಡುವಾಗ ಅವಳು ಅವನ ತೋಳು ಹಿಡಿದಿದ್ದಳು. ಗೇಟಿನ ಹೊರಗೆ ಬಂದ ಮೇಲೂ ಸ್ವಲ್ಪ ಹೊತ್ತು ಬಿಟ್ಟಿರಲಿಲ್ಲ.

ಏದುಸಿರು ಬಿಡುತ್ತ ಅವಳು ಕೇಳಿದಳು, “ಒಂದು ಡೌಟು. ಇದ್ರಲ್ಲೆಲ್ಲ ನಿಮ್ಮ ವಾಯ್ಸ್ ಯಾವ್ದು?”

ಮುರಾರಿ ಮೆಟ್ರೋ ಹೆಂಗಸಾದ. “ಮುರಾರಿಯ ವಾಯ್ಸ್ ಸದ್ಯ ಸೇವೆಯಲ್ಲಿಲ್ಲ. ಅನಾನುಕೂಲತೆಗೆ ವಿಷಾದಿಸುತ್ತೇವೆ.”

ಅವಳು ನಕ್ಕಳು. ಆದರೆ ತುಟಿ ನಕ್ಕು ಮುಗಿಸಿದ ಮೇಲೂ ಕಣ್ಣು ಅವನ ಮುಖದಲ್ಲೇ ಏನನ್ನೋ ಕಾಯುತ್ತಿತ್ತು.

ಜನವರಿಯ ಭಾನುವಾರ, ಕೆರೆಯ ಮೇಲೆ ಇನ್ನೂ ಮಂಜು. ಅವಳು ಕಾಫಿ ಮುಟ್ಟದೆ ಹೇಳಿದಳು, “ಬೆಂಗಳೂರಿಗೆ ವಾಪಸ್ ಕರೀತಿದ್ದಾರೆ. ಟೀಮ್ ಲೀಡ್ ಅಂತೆ. ಶುಕ್ರವಾರ ಸಂಜೆ ಐದರೊಳಗೆ ಹೂಂ ಅಥ್ವಾ ಊಹೂಂ ಹೇಳ್ಬೇಕು.”

ಹೇಳಿ ಅವನನ್ನೇ ನೋಡಿದಳು. ಹೋಗಬೇಡಿ ಎನ್ನಬೇಕೆಂದಿತ್ತು ಮುರಾರಿಗೆ. ಬಾಯಿಗೆ ಬಂದದ್ದು ಮಾತ್ರ ವಿಮಾನ ನಿಲ್ದಾಣದ ಗಂಟಲು: “ಬೆಂಗಳೂರಿಗೆ ಹೊರಡುವ ಪ್ರಯಾಣಿಕರ ಗಮನಕ್ಕೆ…”

ಈ ಸಲ ಅವಳು ನಗಲಿಲ್ಲ. “ಕಾಫಿ ಆರಿದೆ,” ಎಂದು ಎದ್ದು ಹೋದಳು.

ಅಂದಿನಿಂದ ಮುರಾರಿ ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ದೋಸೆ ಕೇಳಿದವರಿಗೆ ಇಡ್ಲಿ ಹೋಯಿತು. ಜಡ್ಜ್ ಸಾಹೇಬರಿಗೆ ಶಾಂಬಾರ್ ಬದಲು ಕಾಫಿ ಡಿಕಾಕ್ಷನ್ ಹೋಯಿತು. ಫೋನು ತೆಗೆದು ‘ಹೋಗಬೇಡಿ’ ಎಂದು ಟೈಪು ಮಾಡುವನು. ಹೀಗೆ ಹೇಳಲು ನಾನ್ಯಾರು, ಅವಳ ಊರು, ಅವಳ ಬಡ್ತಿ ಎಂದು ಅಳಿಸುವನು. ‘ಹೋಗಿ’ ಎಂದು ಬರೆಯಲು ಬೆರಳೇ ಒಪ್ಪದು.

“ಇವನಿಗೆ ಎಂತ ಆಗಿದೆ?” ಚಂದ್ರಹಾಸ ಭಟ್ಟರು ಮೂಗಿನಿಂದ ಕೇಳಿದರು. “ಚಟ್ನಿ ರುಬ್ಬುವಾಗ ಮಿಕ್ಸಿಗೆ ಮುಚ್ಚಳ ಹಾಕ್ಲಿಲ್ಲ.”

“ಷ್!” ಎಂದರು ತುಂಗಮ್ಮ.

ಶುಕ್ರವಾರ ಸದರ್ನ್ ಅವೆನ್ಯೂದಲ್ಲೇ ಒಂದು ಕನ್ನಡದ ಕುಟುಂಬದ ಗೃಹಪ್ರವೇಶ. ಅಡಿಗೆ ತುಂಗಾ ಕೆಫೆಯದು. ತಾರಸಿಯ ಮೇಲೆ ಶಾಮಿಯಾನ, ಗ್ಯಾಸಿನ ದೊಡ್ಡ ಒಲೆಗಳು. ದೇವರಿಗಿಡುವ ಪಾಯಸದ ಮುಂದೆ ಒದ್ದೆ ಪಂಚೆಯಲ್ಲಿ ಮುರಾರಿ.

ಭಟ್ಟರ ಮನೆತನದಲ್ಲಿ ಒಂದು ಕಟ್ಟುನಿಟ್ಟು ಇತ್ತು. ನೈವೇದ್ಯದ ಪಾತ್ರೆ ಒಲೆಗೆ ಏರಿದ ಮೇಲೆ, ದೇವರ ಮುಂದಿನ ಗಂಟೆ ಬಾರಿಸುವ ತನಕ ಅಡಿಗೆಯವನು ತುಟಿ ಬಿಚ್ಚುವಂತಿಲ್ಲ. ಮಾತಿನ ಜೊತೆ ಎಂಜಲು ಹಾರುತ್ತದೆ ಎಂದು ತುಂಗಮ್ಮನ ಅತ್ತೆಯ ಕಾಲದ ನಿಯಮ. ಇನ್ನು ರುಚಿ ನೋಡುವುದು, ಏನಾದರೂ ಬಾಯಿಗೆ ಹಾಕುವುದು ದೂರದ ಮಾತು. ಉಪ್ಪು ಬೆಲ್ಲವೆಲ್ಲ ಮೂಗಿನ ಅಂದಾಜು. ದಿನವಿಡೀ ಊರಿನ ಗಂಟಲಲ್ಲೆಲ್ಲ ಮಾತಾಡುವ ಮುರಾರಿ ಬಾಯಿಗೆ ಬೀಗ ಹಾಕಿಕೊಳ್ಳುವ ಹೊತ್ತು ಅದೊಂದೇ. ಕೆಫೆಯಲ್ಲಿ ಅದು ಬಾಗಿಲು ತೆರೆಯುವ ಮೊದಲೇ ಮುಗಿದಿರುತ್ತಿತ್ತು. ಗಿರಾಕಿಗಳು ಯಾರೂ ಕಂಡವರಲ್ಲ. ವಿಜೇತಾಳೂ.

ಹಾಲು ಕಾಯುವ ಹೊತ್ತಿಗೆ ಅವಳು ತಾರಸಿಯ ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿ ಸ್ಟೀಲಿನ ಡಬ್ಬಿ.

“ಕೆಫೆಗೆ ಹೋಗಿದ್ದೆ, ಇಲ್ಲಿದ್ದೀರ ಅಂದ್ರು. ಆಫೀಸಿಗೆ ರಜಾ ಹಾಕಿದೀನಿ.” ಡಬ್ಬಿಯ ಮುಚ್ಚಳ ತೆಗೆದಳು. “ಕೊಬ್ಬರಿ ಮಿಠಾಯಿ. ಇಲ್ಲಿನ ಖರ್ಜೂರದ ಬೆಲ್ಲ ಹಾಕಿ ಮಾಡ್ದೆ. ಜೀವನದಲ್ಲಿ ಮೊದಲ್ನೇ ಸಲ ಒಲೆ ಮುಂದೆ ಇಷ್ಟು ಹೊತ್ತು ನಿಂತಿದ್ದು. ತಿಂದ್ ನೋಡಿ.”

ಒಂದು ತುಂಡು ಎತ್ತಿ ಅವನ ಮುಖದ ಹತ್ತಿರ ಹಿಡಿದಳು. ಮುರಾರಿ ಹಿಂದೆ ಸರಿದ. ಕಣ್ಣಿನಿಂದ ಪಾಯಸದ ಪಾತ್ರೆ ತೋರಿಸಿದ. ಕೈಸನ್ನೆಯಿಂದ ಡಬ್ಬಿಯನ್ನು ಪಕ್ಕದ ಸ್ಟೂಲಿನ ಮೇಲೆ ಇಡಲು ಹೇಳಿದ.

ಅವಳ ಕೈ ಗಾಳಿಯಲ್ಲೇ ಉಳಿಯಿತು. ಆಮೇಲೆ ತುಂಡು ಡಬ್ಬಿಗೆ ಮರಳಿತು. ಡಬ್ಬಿ ಸ್ಟೂಲಿಗೆ ಹೋಯಿತು.

“ಹೋಗ್ಲಿ ಬಿಡಿ. ಒಂದು ಮಾತು ಕೇಳೋಕೆ ಬಂದೆ. ನಗಿಸ್ಬೇಡಿ, ಪ್ಲೀಸ್.” ದುಪಟ್ಟಾದ ಅಂಚು ಅವಳ ಬೆರಳಿಗೆ ಸುತ್ತಿಕೊಳ್ಳುತ್ತಿತ್ತು. “ನಾನು ಹೋಗ್ಲಾ? ಬೇಡ್ವಾ?”

ಅಪ್ಪ ಕೆಳಗೆ ಪುರೋಹಿತರ ಹತ್ತಿರ. ಅಜ್ಜಿ ದೇವರ ಮುಂದೆ. ಫೋನು ಅಪ್ಪನ ಚೀಲದಲ್ಲಿ. ಸೌಟು ನಿಲ್ಲಿಸಿದರೆ ಹಾಲು ತಳ ಹಿಡಿಯುತ್ತದೆ. ಮುರಾರಿ ಎಡಗೈಯಿಂದ ಬಾಯಿ ತೋರಿಸಿದ, ಮೇಲೆ ಆಕಾಶ ತೋರಿಸಿದ, ತಲೆಯಾಡಿಸಿದ. ಕೊನೆಗೆ ಸೌಟು ಬಿಟ್ಟು ಎರಡೂ ಕೈ ಜೋಡಿಸಿದ. ದಮ್ಮಯ್ಯ, ನಿಲ್ಲಿ, ಗಂಟೆ ಬಾರಿಸುವ ತನಕ ನಿಲ್ಲಿ.

ಅವಳು ಆ ಜೋಡಿಸಿದ ಕೈಗಳನ್ನು ನೋಡಿದಳು.

“ನಮಸ್ಕಾರಾನಾ?” ಎಂದಳು ಮೆಲ್ಲಗೆ. “ಸರಿ. ನನಗೂ ನಮಸ್ಕಾರ.”

ಮೆಟ್ಟಿಲಿನಲ್ಲಿ ಅವಳ ಚಪ್ಪಲಿಯ ಸದ್ದು ಇಳಿಯುತ್ತ ಹೋಯಿತು. ಮುರಾರಿ ಬಾಯಿ ತೆರೆದ. ಹೌದು, ತೆರೆದ. ನಿಯಮ ಮುರಿದರೆ ಮುರಿಯಲಿ, ಪಾಯಸ ಇನ್ನೊಮ್ಮೆ ಮಾಡಿದರಾಯಿತು ಎಂದು ತೆರೆದೇಬಿಟ್ಟ. ಆದರೆ ಯಾರ ಗಂಟಲಲ್ಲಿ ಕರೆಯುವುದು? ಜಡ್ಜ್ ಸಾಹೇಬರು, ಮೆಟ್ರೋ ಹೆಂಗಸು, ಟ್ರಾಮಿನ ಡ್ರೈವರು, ಎಲ್ಲರೂ ಬಾಗಿಲಿಗೆ ಬಂದು ನಿಂತರು. ಮನೆಯ ಯಜಮಾನನೇ ಕಾಣಲಿಲ್ಲ. ಅಷ್ಟರಲ್ಲಿ ಹಾಲು ಉಕ್ಕಿತು.

ಗಂಟೆ ಬಾರಿಸಿತು. ಮುರಾರಿ ಫೋನಿಗೆ ಓಡಿದ. ಅವಳು ಎತ್ತಲಿಲ್ಲ. ಮತ್ತೆ ಮಾಡಿದ. ಎತ್ತಲಿಲ್ಲ. ಅಷ್ಟರಲ್ಲಿ ಎಲೆ ಹಾಕಿಯಾಗಿತ್ತು, ಜನ ಕೂತಾಗಿತ್ತು, ಅಪ್ಪ ಅವನ ಕೈಗೆ ಉಪ್ಪಿನ ಬಟ್ಟಲು ತುರುಕಿದ್ದರು.

ಇಂಥ ಉದ್ದದ ಪಂಕ್ತಿಯನ್ನು ಮುರಾರಿ ಜನ್ಮದಲ್ಲಿ ಕಂಡಿರಲಿಲ್ಲ. ಈ ತುದಿಯಿಂದ ನೋಡಿದರೆ ಆ ತುದಿ ಊರಾಚೆಯ ಗಾರ್ಡನ್ ರೀಚ್‌ನಲ್ಲಿ ಇದ್ದಂತೆ. ಕೋಸಂಬರಿ ಬಡಿಸುತ್ತ ಐದು ಗಂಟೆ ಎಂದುಕೊಂಡ. ಸಾರು ಬಡಿಸುತ್ತ ಐದು ಗಂಟೆ ಎಂದುಕೊಂಡ. ಹಿರಿಯರೊಬ್ಬರು ನಿಧಾನವಾಗಿ ಹುಳಿಯನ್ನ ಕಲಸುತ್ತ, “ನಿಮ್ಮ ಅಜ್ಜನ ಕಾಲದಲ್ಲಿ…” ಎಂದು ಶುರುಮಾಡಿದಾಗ, ಅಜ್ಜನನ್ನೂ ಸೇರಿಸಿ ಎಲ್ಲರ ಮೇಲೂ ಅವನಿಗೆ ಸಿಟ್ಟು ಬಂತು.

“ಏ ಮುರಾರಿ!” ಅಪ್ಪ ಮೂಗಿನಿಂದ ಗದರಿದರು. “ಉಪ್ಪು ಎಷ್ಟು ಸಲ ಬಡಿಸುದು? ಮದುವೆ ಮನೆಯಾ ಉಪ್ಪಿನ ಗದ್ದೆಯಾ ಇದು?”

“ಮದುವೆ ಅಲ್ಲ, ಗೃಹಪ್ರವೇಶ,” ಎಂದಿತು ಒಂದು ಎಲೆ.

ಕಂಬಕ್ಕೊರಗಿ ಕೂತಿದ್ದ ತುಂಗಮ್ಮ ಮೊಮ್ಮಗನನ್ನು ಹತ್ತಿರ ಕರೆದರು. ಅವರ ಮಡಿಲಲ್ಲಿ ಸ್ಟೀಲಿನ ಡಬ್ಬಿ.

“ಇದು ಯಾರದ್ದು?”

“ವಿಜೇತಾ ತಂದದ್ದು ಅಜ್ಜಿ.”

“ಆ ಹುಬ್ಬಿನ ಹುಡುಗಿಯಾ? ಮೆಟ್ಟಿಲಲ್ಲಿ ಕಣ್ಣು ಒರೆಸ್ತಾ ಇಳಿದು ಹೋಯ್ತು. ನೀನು ಎಂತ ಹೇಳಿದ್ದು ಅದಕ್ಕೆ?”

“ಎಂತದೂ ಹೇಳ್ಲಿಲ್ಲ. ನೈವೇದ್ಯ ಒಲೆ ಮೇಲೆ ಇತ್ತಲ್ಲ.”

ತುಂಗಮ್ಮ ಅವನನ್ನೇ ದಿಟ್ಟಿಸಿದರು. “ಮತ್ತೆ ಇಷ್ಟು ತಿಂಗಳು? ಆಗಲೂ ಒಲೆ ಮೇಲೆ ಇತ್ತಾ?”

ಮುರಾರಿ ತನ್ನ ಕೈಯ ಮಜ್ಜಿಗೆಯ ಬಕೆಟ್ಟನ್ನೇ ನೋಡಿದ.

ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದರು, ಡಬ್ಬಿಯನ್ನು ಅವನ ಕೈಗಿಟ್ಟು ಮಜ್ಜಿಗೆಯ ಬಕೆಟ್ಟನ್ನು ತಾವು ಕಸಿದುಕೊಂಡರು. “ಹೋಗು. ಮಜ್ಜಿಗೆಗೆ ನೀನು ಬೇಡ.”

“ಅಮ್ಮಾ, ಅವನು ಎಲ್ಲಿಗೆ?” ಎಂದು ಚಂದ್ರಹಾಸ ಭಟ್ಟರು ಓಡಿ ಬಂದರು.

“ಷ್!” ಎಂದರು ತುಂಗಮ್ಮ.

ಪಂಚೆಯ ಮೇಲೊಂದು ಸ್ವೆಟರ್ ಎಳೆದುಕೊಂಡು ಮುರಾರಿ ಸದರ್ನ್ ಅವೆನ್ಯೂದ ಮರಗಳ ಕೆಳಗೆ ಓಡಿದ. ವಿಜೇತಾ ಪಿ.ಜಿ. ಮನೆಯಲ್ಲಿ ಇರಲಿಲ್ಲ. ಕೆಫೆಗೆ ಬಂದಿರಲಿಲ್ಲ. ಉಳಿದದ್ದು ಕೆರೆ.

ಅವಳು ಅದೇ ಬೆಂಚಿನ ಮೇಲಿದ್ದಳು. ತೊಡೆಯ ಮೇಲೆ ಫೋನು. ಪಡುವಣದ ಬಿಸಿಲು ನೀರಿನಿಂದ ಪುಟಿದು ಅವಳ ಕೆನ್ನೆಯ ಮೇಲೆ ಅಲುಗುತ್ತಿತ್ತು. ಅವನನ್ನು ಕಂಡು ಮುಖ ತಿರುಗಿಸಿದಳು, ಆದರೆ ಬೆಂಚಿನ ಅಂಚಿಗೆ ಸ್ವಲ್ಪ ಸರಿದಳು.

ಮುರಾರಿ ಕೂತ. ಗಂಟಲಲ್ಲಿ ಮೆಟ್ರೋ ಹೆಂಗಸು ಆಗಲೇ ಎದ್ದು ನಿಂತಿದ್ದಳು. “ಮುಂದಿನ ನಿಲ್ದಾಣ…”

“ಬೇಡ,” ಎಂದಳು ವಿಜೇತಾ. “ಅವ್ಳನ್ನ ಕಳಿಸಿ. ಎಲ್ರನ್ನೂ ಕಳಿಸಿ. ನಾನು ಮುರಾರಿ ಹತ್ರ ಮಾತಾಡ್ಬೇಕು.”

ಕೆರೆಯಾಚೆ ಮೆಗಾಫೋನು ಚೀರಿತು. ದೋಣಿಯೊಂದು ಹಾದು ಹೋಯಿತು. ಅದೆಬ್ಬಿಸಿದ ಅಲೆ ದಂಡೆಗೆ ಬಂದು ತಟ್ಟಿತು. ಮುರಾರಿ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಹೊರಬಂದ ದನಿ ಒಡಕಾಗಿತ್ತು, ಸಣ್ಣದಾಗಿತ್ತು. ಅವನಿಗೇ ಅದರ ಗುರುತು ಹತ್ತಲಿಲ್ಲ.

“ನೈವೇದ್ಯ ಒಲೆ ಮೇಲೆ ಇರುವಾಗ ನಾವು ಮಾತಾಡುವ ಹಾಗಿಲ್ಲ. ಎಂಜಲು ಬೀಳ್ತದೆ ಅಂತ. ತಿನ್ನುವ ಹಾಗೂ ಇಲ್ಲ. ನಾನು ಕೈ ಮುಗಿದದ್ದು, ‘ನಿಲ್ಲಿ’ ಅಂತ.”

ಅವಳು ತಿರುಗಿದಳು. “ನಾನು ‘ಹೋಗಿ ಬನ್ನಿ’ ಅಂದ್ಕೊಂಡೆ.”

“ಗೊತ್ತಾಯ್ತು. ಆದ್ರೆ ಅದು ಅರ್ಧ ಸತ್ಯ. ಕರೆಯುವಾ ಅಂತ ಬಾಯಿ ತೆಗ್ದೆ. ದನಿಯೇ ಸಿಗ್ಲಿಲ್ಲ.” ಅವನು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದ. “ಬೇರೆಯವರ ದನಿಯಲ್ಲಿ ಹೇಳಿದ್ರೆ, ನೀವು ಬೇಡ ಅಂದ್ರೂ ಅದು ಅವರಿಗೆ ಆಗ್ತದೆ, ನನಗೆ ನೋವಾಗುದಿಲ್ಲ. ಅದಕ್ಕೇ ಇಷ್ಟು ದಿನ… ಬೆಂಗಳೂರಿಗೆ ಹೋಗ್ಬೇಕು ಅಂತ ನಿಮಗೆ ಮನಸ್ಸಿದ್ರೆ ಹೋಗಿ. ನಾನು ರೈಲು ಹತ್ತಿ ಬಂದು ಹೋಗಿ ಮಾಡ್ತೇನೆ. ಆದ್ರೆ ನನ್ನನ್ನು ಕೇಳಿದ್ದು ಹೌದಾದ್ರೆ, ಹೋಗ್ಬೇಡಿ. ನನಗೆ ನೀವು ಬೇಕು.”

ಅವಳು ಡಬ್ಬಿ ಹಿಡಿದ ಅವನ ಕೈಗಳನ್ನು ನೋಡಿದಳು. ಮುರಾರಿಗೆ ತನ್ನ ಎದೆಬಡಿತ ಮೆಗಾಫೋನಿನಲ್ಲಿ ಕೇಳಿದಂತಾಯಿತು.

“ಇದು ಯಾರ ವಾಯ್ಸು?” ಎಂದಳು ಕೊನೆಗೆ.

“ನಂದೇ ಇರ್ಬೇಕು. ಯೂಸ್ ಮಾಡಿ ಅಭ್ಯಾಸ ಇಲ್ಲ.”

ಅವಳು ನಕ್ಕಳು. ಕಣ್ಣೂ ನಕ್ಕಿತು. ಫೋನು ಎತ್ತಿಕೊಂಡು ಚಕಚಕನೆ ಏನೋ ಬರೆದಳು. “ಎರಡು ಗಂಟೆಯಿಂದ ಇದನ್ನೇ ಬರೀತಿದೀನಿ, ಅಳಿಸ್ತಿದೀನಿ. ಊರವ್ರಿಗೆಲ್ಲ ಮೇಲ್ ಬರೆಯೋದು ಕಲಿಸೋಳು. ತೊಗೊಳ್ಳಿ. ತಪ್ಪಿದ್ಯಾ ನೋಡಿ.”

ಮುರಾರಿ ಒಂದೊಂದೇ ಅಕ್ಷರದ ಮೇಲೆ ಕಣ್ಣಿಟ್ಟು ಓದಿದ. ಕಲ್ಕತ್ತೆಯಲ್ಲಿ ನನ್ನ ಕೆಲಸ ಚೆನ್ನಾಗಿ ನಡೆಯುತ್ತಿದೆ, ಲೀಡ್ ಮಾಡುವುದಿದ್ದರೆ ಇಲ್ಲಿಯ ತಂಡಕ್ಕೇ ಮಾಡಿ, ಇಲ್ಲವಾದರೆ ಈಗಿರುವುದೇ ನನಗೆ ಸಾಕು, ಬೆಂಗಳೂರಿಗೆ ಬರುವುದಿಲ್ಲ. ಅಕ್ಷರಗಳು ಕಣ್ಣೆದುರೇ ಮಸುಕಾದವು.

“ಸರಿ ಉಂಟು,” ಎಂದ. “ಕ್ವೈಟ್ ಸರಿ ಉಂಟು.”

ಅವಳು ಬೆರಳು ಒತ್ತಿದಳು. ಮೇಲ್ ಹೋಯಿತು. ಇಬ್ಬರೂ ಫೋನನ್ನೇ ನೋಡುತ್ತ ಕೂತರು, ಇನ್ನು ಏನು ಮಾಡಬೇಕೆಂದು ಯಾರಿಗೂ ತಿಳಿಯದವರ ಹಾಗೆ.

“ಈಗ ತಿನ್ನಬಹುದು,” ಎಂದು ಮುರಾರಿ ಡಬ್ಬಿ ತೆಗೆದ. ಮಿಠಾಯಿಯ ತುಂಡು ಬಾಯಿಗೆ ಹಾಕಿ ಕಚ್ಚಿದ. ‘ಕಟ್’ ಎಂದಿತು. ಹಲ್ಲೋ ಮಿಠಾಯಿಯೋ ತಿಳಿಯಲಿಲ್ಲ.

“ಹೇಗಿದೆ?”

ಜಡ್ಜ್ ಸಾಹೇಬರು ‘ಅಪೂರ್ಬೋ!’ ಎನ್ನಲು ನಾಲಿಗೆಯ ತುದಿಗೇ ಬಂದಿದ್ದರು. ಮುರಾರಿ ಅವರನ್ನು ಬೆಲ್ಲದ ಜೊತೆ ನುಂಗಿದ.

“ಪಾಕ ಏರಿ ಹೋಗಿದೆ. ಕಲ್ಲು.”

“ಹೋಗ್ರೀ!” ಅವಳು ಅವನ ಭುಜಕ್ಕೊಂದು ಗುದ್ದಿ ಡಬ್ಬಿ ಕಸಿದುಕೊಂಡಳು.

ಆ ಕಲ್ಲು ಅವನ ಬಾಯಲ್ಲಿ ಮೆಲ್ಲಗೆ ಕರಗುತ್ತಿತ್ತು. ಖರ್ಜೂರದ ಬೆಲ್ಲದ ಹೊಗೆಪರಿಮಳ, ಕೊಬ್ಬರಿ, ಅಂಚಿನಲ್ಲಿ ಒಂಚೂರು ಸೀದ ಕಹಿ. ಮುರಾರಿ ಅಂಗೈ ಚಾಚಿದ.

“ಇನ್ನೊಂದು ಕೊಡಿ.”

ಅವಳ ಎಡಹುಬ್ಬು ನಿಧಾನವಾಗಿ ಮೇಲಕ್ಕೆದ್ದಿತು. ಡಬ್ಬಿ ಮಾತ್ರ ಮುಂದೆ ಬರಲಿಲ್ಲ.

“ಕೊಡಿ ಅಲ್ಲ,” ಎಂದಳು. “ಕೊಡು ಅನ್ನು.”

ಮುರಾರಿ ಗಂಟಲು ಸರಿಮಾಡಿಕೊಂಡ. ಒಳಗೆ ಬೇರೆ ಯಾರೂ ಇರಲಿಲ್ಲ.

“ಇನ್ನೊಂದು ಕೊಡು.”